ಇಪ್ಪತ್ನಾಲ್ಕು ಕಿಟಕಿಗಳು

ಮೂರನೆಯ ಕ್ಯಾಲೆಂಡರಿನ ಕಿಟಕಿಯನ್ನೂ ಅವಳು ಉಗುರಿನಿಂದ ಮೀಟುವುದನ್ನು ಕಂಡು ಅಂಗಡಿಯ ಹುಡುಗಿಗೆ ತಡೆಯಲಾಗಲಿಲ್ಲ.

"ಆಂಟಿ, ಒಂದ್ಸಲ ತೆಗೆದದ್ದನ್ನ ಮತ್ತೆ ಮಾರೋಕಾಗಲ್ಲ."

"ತೆಗೆದಿಲ್ಲಮ್ಮ. ಅಂಟು ಎಂಥದ್ದು ಅಂತ ನೋಡ್ದೆ."

ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ಬೈಂಡಿಂಗ್ ಹಾಕಿದ ಕೈ ಅದು. ರಟ್ಟು, ಅಂಟು ಕಂಡರೆ ಸುಮ್ಮನಿರುತ್ತಿರಲಿಲ್ಲ. ಅಂಗಡಿಯ ಒಂದು ಗೋಡೆ ತುಂಬ ಕ್ರಿಸ್‌ಮಸ್‌ಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರುಗಳೇ ನೇತಾಡುತ್ತಿದ್ದವು. ಡಿಸೆಂಬರ್ ಒಂದರಿಂದ ಇಪ್ಪತ್ನಾಲ್ಕರವರೆಗೆ ದಿನಕ್ಕೊಂದು ಪುಟ್ಟ ಕಿಟಕಿ. ಬೆಳಗೆದ್ದು ಒಂದನ್ನು ತೆರೆದರೆ ಒಳಗೆ ಏನೋ ಒಂದು ಕಾದಿರುತ್ತದೆ.

"ಯಾರಿಗೆ ಆಂಟಿ? ಚಿಕ್ಕ ಮಕ್ಕಳಿಗಾದ್ರೆ ಆಟಿಕೆ ಇರೋದು ಆ ಕಡೆ ಇದೆ."

"ಚಿಕ್ಕವನಲ್ಲ. ಬಿಎ ಕೊನೇ ವರ್ಷ."

"ಹಾಗಾದ್ರೆ ಚಾಕೊಲೇಟ್‌ದು ತಗೊಳ್ಳಿ. ಹಾಸ್ಟೆಲ್ ಊಟ ತಿಂದು ತಿಂದು ನಾಲಿಗೆ ಸತ್ತುಹೋಗಿರುತ್ತೆ."

"ಅಲ್ಲಿ ತಿನ್ನೋದು ಒಳಗೆ ಬಿಡಲ್ಲ. ತಗಡು, ದಾರ, ಗಾಜು ಏನೂ ಇರಬಾರದು. ಬರೀ ಕಾಗದದ್ದು ಕೊಡು."

ಹುಡುಗಿ ಹುಬ್ಬೇರಿಸಿದಳು. "ಅಷ್ಟೊಂದು ಸ್ಟ್ರಿಕ್ಟಾ? ರಜಕ್ಕಾದ್ರೂ ಮನೆಗೆ ಕಳಿಸ್ತಾರೋ ಇಲ್ವೋ?"

"ಇಪ್ಪತ್ತೈದಕ್ಕೆ ಬಿಡ್ತಾರೆ."

"ಸರಿಯಾಗಿದೆ ನೋಡಿ. ಕೊನೇ ಕಿಟಕಿ ತೆಗೆದ ಮಾರನೇ ದಿನ ಹೊರಗೆ."

ಅವಳು ಆರಿಸಿದ್ದು ಎಲ್ಲಕ್ಕಿಂತ ಸಾದಾ ಇದ್ದದ್ದನ್ನು. ಹಿಮ ಬಿದ್ದ ಬೀದಿ, ಸಾಲು ಮನೆಗಳು, ಮನೆಗಳಿಗೆ ಒಟ್ಟು ಇಪ್ಪತ್ನಾಲ್ಕು ಕಿಟಕಿ. ಹತ್ತೊಂಬತ್ತು ಕಿಟಕಿಯದ್ದು ಸಿಗುತ್ತದೆಯೇ ಎಂದು ಕೇಳಿದಳು. ಅಂಥದ್ದನ್ನು ಯಾರೂ ಮಾಡುವುದಿಲ್ಲ ಎಂದು ಹುಡುಗಿ ನಕ್ಕಳು.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕೆಲಸಕ್ಕೆ ಕೂತಳು. ಒದ್ದೆ ಬಟ್ಟೆ ಒತ್ತಿ, ಬೈಂಡಿಂಗಿಗೆ ಬಳಸುವ ಮೂಳೆಯ ಪಟ್ಟಿ ತೂರಿಸಿ, ಕ್ಯಾಲೆಂಡರಿನ ಬೆನ್ನನ್ನು ಚೂರೂ ಹರಿಯದಂತೆ ಬಿಡಿಸಿದಳು. ಅಚ್ಚಾಗಿದ್ದ ಗಂಟೆ, ನಕ್ಷತ್ರಗಳ ಮೇಲೆ ಮಗನ ಫೋಟೊಗಳನ್ನು ಅಂಟಿಸುತ್ತ ಹೋದಳು. ವರ್ಷಕ್ಕೊಂದು. ಒಂದರ ಕಿಟಕಿಗೆ ಒಂದು ವರ್ಷದ ಬೊಕ್ಕ ಬಾಯಿ. ಆರಕ್ಕೆ ಹೊಸ ಸ್ಕೂಲ್ ಬ್ಯಾಗು, ಬೆನ್ನಿಗಿಂತ ದೊಡ್ಡದು. ಹನ್ನೊಂದಕ್ಕೆ ಕೈಗೆ ಪ್ಲಾಸ್ಟರು. ಹತ್ತೊಂಬತ್ತಕ್ಕೆ ಕಾಲೇಜಿನ ಗೇಟಿನ ಮುಂದೆ, ಯಾರದೋ ಬೈಕಿಗೆ ಒರಗಿ ನಿಂತು, ತನ್ನದೇ ಎಂಬ ಜಂಬದಲ್ಲಿ.

ಉಳಿದ ಐದು ಕಿಟಕಿಗಳ ಹಿಂದೆ ಬಿಳಿ ಕಾಗದ ಅಂಟಿಸಿದಳು.

ಗಂಡ ಬಾಗಿಲಲ್ಲಿ ಬಂದು ನಿಂತ. ಬಸ್ ಡ್ರೈವರ್. ಮಾತು ಕಡಿಮೆ. ಈ ಐದು ವರ್ಷದಲ್ಲಿ ಇನ್ನೂ ಕಡಿಮೆಯಾಗಿತ್ತು.

"ಅವನ ಸುದ್ದಿ ಈ ಮನೇಲಿ ಎತ್ತಬೇಡ ಅಂದಿದ್ದೆ."

"ಎತ್ತಿಲ್ಲ. ನನ್ನ ಪಾಡಿಗೆ ನಾನು ಕೂತಿದ್ದೀನಿ."

"ಆ ಪತ್ರ ಬಂದಾಗಿಂದ ನೀನು ಸರಿಯಾಗಿ ಊಟ ಮಾಡಿಲ್ಲ."

ಪತ್ರದಲ್ಲಿ ಇದ್ದದ್ದು ಮೂರು ಸಾಲು. ಹುಡುಗನ ನಡತೆ ಚೆನ್ನಾಗಿದೆ. ಓದು ಚೆನ್ನಾಗಿ ಸಾಗಿದೆ. ಇಪ್ಪತ್ತೈದನೆಯ ತಾರೀಖು ಬೆಳಿಗ್ಗೆ ಬಿಟ್ಟು ಕಳುಹಿಸುತ್ತೇವೆ.

ಗಂಡ ಹನ್ನೊಂದರ ಫೋಟೊ ಎತ್ತಿಕೊಂಡ. ಪ್ಲಾಸ್ಟರಿನ ಮೇಲೆ ತಾನೇ ಬರೆದುಕೊಟ್ಟಿದ್ದ ಬಸ್ಸಿನ ಚಿತ್ರ ಮಸುಕಾಗಿ ಕಾಣುತ್ತಿತ್ತು. ತುಂಬ ಹೊತ್ತು ನೋಡಿ ಕೆಳಗಿಟ್ಟ.

"ದಿನಾ ಬೆಳಿಗ್ಗೆ ಇದನ್ನ ನೋಡಿದ್ರೆ ಅವನಿಗೆ ಹೇಗಾಗುತ್ತೆ, ಯೋಚನೆ ಮಾಡಿದ್ದೀಯಾ?"

"ಅದನ್ನೇ ಯೋಚನೆ ಮಾಡಿದ್ದು ರೀ."

"ಪರೀಕ್ಷೆ ಇದೆಯಂತೆ ಅವನಿಗೆ."

"ಇರಲಿ. ದಿನಕ್ಕೆ ಒಂದು ನಿಮಿಷ. ಅಷ್ಟೂ ಕೇಳಬಾರದಾ ನಾನು?"

ಗಂಡ ತಿರುಗಿ ನಡೆದ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು. ಅವಳು ಬೆನ್ನಿನ ರಟ್ಟಿಗೆ ಅಂಟು ಸವರಿ, ಅಕ್ಕಿ ಡಬ್ಬಿ ಹೇರಿ ಒಣಗಲು ಬಿಟ್ಟಳು.

ನವೆಂಬರ್ ಇಪ್ಪತ್ತೆಂಟರಂದು ಎರಡು ಬಸ್ ಬದಲಿಸಿ ಹೋದಳು. ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ, ಕಬ್ಬಿಣದ ಗೇಟಿನ ಪಕ್ಕ ಜೈಲಿನ ಪಾರ್ಸೆಲ್ ಕೌಂಟರು. ಸಾಲಿನಲ್ಲಿ ಹೆಚ್ಚಿನವರು ಹೆಂಗಸರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವಳ ಸರದಿ ಬಂದಾಗ ಕೌಂಟರಿನ ಪೇದೆ ಕೈದಿಯ ನಂಬರು ಕೇಳಿದ. ಅವಳು ಚೀಟಿ ನೋಡದೆ ಹೇಳಿದಳು.

"ಓ, ಓದೋ ಬ್ಯಾರಕ್ಕು. ಕಾಲೇಜು ಪರೀಕ್ಷೆ ಕಟ್ಟಿರೋ ಹುಡುಗರು." ಪೇದೆ ಕ್ಯಾಲೆಂಡರನ್ನು ಬೆಳಕಿಗೆ ಹಿಡಿದ, ಬಗ್ಗಿಸಿದ, ಅಂಚು ಒತ್ತಿ ನೋಡಿದ. ಒಂದೊಂದೇ ಕಿಟಕಿ ತೆರೆದು ಮುಚ್ಚುತ್ತ ಹೋದ. ಆರರಲ್ಲಿ ಅವನ ಮುಖ ಸಡಿಲವಾಯಿತು.

"ಬ್ಯಾಗ್ ನೋಡಮ್ಮ, ಆಳಿಗಿಂತ ದೊಡ್ಡದು. ನನ್ನ ಮಗಳದ್ದೂ ಹೀಗೇ." ಮುಂದಿನವುಗಳನ್ನು ಅವನು ತಪಾಸಣೆಗೆಂದು ನೋಡಲಿಲ್ಲ, ಆಸೆಯಿಂದ ನೋಡಿದ. ಇಪ್ಪತ್ತಕ್ಕೆ ಬಂದು ನಿಂತ. "ಇಲ್ಲಿಂದಾಚೆಗೆ ಖಾಲಿ?"

"ಆಮೇಲೆ ಫೋಟೊ ಇಲ್ಲ."

"ಒಳಗೆ ಬಂದ್ಮೇಲೆ ಯಾರು ತೆಗೀತಾರೆ, ಬಿಡಿ." ಪೇದೆಯ ದನಿ ತಗ್ಗಿತು. "ಐದು ವರ್ಷ ಹೇಗೋ ಕಳೀತಲ್ಲಮ್ಮ. ಇನ್ನೊಂದು ತಿಂಗಳು. ಹೊರಗೆ ಬಂದ್ಮೇಲೆ ಹೊಸ ಬದುಕು."

ಅವಳು ಹೂಂ ಎಂದಳು. ಕೌಂಟರಿನ ಅಂಚನ್ನು ಹಿಡಿದುಕೊಂಡಳು.

ಪೇದೆ ಅರ್ಜಿಯನ್ನು ಮುಂದೆ ತಳ್ಳಿದ. ಹೆಸರು, ವಿಳಾಸ ಬರೆದಳು. ಮೂರನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕೈದಿಗೂ ತಮಗೂ ಇರುವ ಸಂಬಂಧ.

"ತಾಯಿ ಅಂತ ಬರೀರಿ, ಅಷ್ಟು ಸಾಕು," ಎಂದ ಪೇದೆ, ಮುದ್ರೆ ಒತ್ತಲು ಕೈಯೆತ್ತಿ.

ಅವಳು ಬರೆದಳು: ಅವನು ಕೊಂದ ಹುಡುಗನ ತಾಯಿ.