ಉದುರಿದ ಪುಡಿ

"ಇನ್ನೂ ತಡ ಮಾಡಿದ್ರೆ ಬೆರಳೇ ಹೋಗುತ್ತೆ, ಅಕ್ಕಾವ್ರೇ," ಎನ್ನುತ್ತ ಅಕ್ಕಸಾಲಿಗ ಸಣ್ಣ ಗರಗಸ ಎತ್ತಿಕೊಂಡ. ಅಕ್ಕನ ನೀಲಿಗಟ್ಟಿದ ಬೆರಳಲ್ಲಿ ತೀರಿಕೊಂಡ ಅಮ್ಮನ ಉಂಗುರ ಹೂತುಹೋಗಿತ್ತು.

ಬೆಳಿಗ್ಗೆ ಅಮ್ಮನ ಒಡವೆ ಪೆಟ್ಟಿಗೆ ತೆರೆದಾಗ ತಂಗಿ ಕೇಳಿದ್ದು ಅದೊಂದನ್ನೇ. "ಬಳೆ, ಸರ ಎಲ್ಲಾ ನೀನೇ ಇಟ್ಕೋ. ಅಮ್ಮನ ನೆನಪಿಗೆ ಇದೊಂದು ಕೊಡು." ಬಳೆ, ಸರ ಆಗಲೇ ಅಕ್ಕನ ಚೀಲ ಸೇರಿದ್ದವು. ಆದರೂ ಕೊಟ್ಟರೆ ತಾನೆಲ್ಲಿ ಕರಗಿಹೋಗುತ್ತೇನೋ ಎಂಬಂತೆ, ಅವಳು ಸೋಪು ಹಚ್ಚಿ ಉಂಗುರವನ್ನು ತನ್ನ ದಪ್ಪ ಬೆರಳಿಗೆ ತುರುಕಿಕೊಂಡಿದ್ದಳು. ಬೆರಳು ಊದಿಕೊಂಡಾಗ ಇಲ್ಲಿಗೆ ಕರೆತಂದವಳೂ ತಂಗಿಯೇ.

ಗರಗಸ ಕೊರೆಯತೊಡಗಿತು. ಅಕ್ಕ ಹಲ್ಲು ಕಚ್ಚಿದಳು, ತುಟಿ ಬಿಚ್ಚಲಿಲ್ಲ. ತಂಗಿ ಅವಳ ಬೆನ್ನು ಸವರಿದಳು. "ತುಂಬಾ ನೋಯ್ತಿದೆಯೇನಕ್ಕಾ?"

"ಅದಿರ್ಲಿ. ಈ ಉದುರೋ ಪುಡಿ ಯಾರಿಗೆ?" ಎಂದು ಅಕ್ಕ ಅಕ್ಕಸಾಲಿಗನನ್ನು ಕೇಳಿದಳು.

"ಪುಡಿ ಅಂಗಡಿಗೇ. ಎಲ್ಲಾ ಕಡೆ ಹಾಗೇನೆ."

"ನನ್ನ ಚಿನ್ನ ನಿನಗ್ಯಾಕಪ್ಪಾ?" ಎಂದವಳೇ ಇನ್ನೊಂದು ಅಂಗೈಯನ್ನು ಬೆರಳ ಕೆಳಗೆ ಒಡ್ಡಿದಳು. ಬೆನ್ನ ಮೇಲಿದ್ದ ತಂಗಿಯ ಕೈ ನಿಂತಿತು.

ಉಂಗುರ ಬಾಯಿಬಿಟ್ಟಿತು. ಅಂಗೈಯಲ್ಲಿ ಸಾಸಿವೆಯಷ್ಟು ಪುಡಿ ಹೊಳೆಯುತ್ತಿತ್ತು. ತಂಗಿ ಬಗ್ಗಿ, ಗಾಯಕ್ಕೆ ಊದುವವಳ ಹಾಗೆ, ಆ ಅಂಗೈಗೆ ಉಫ್ ಎಂದು ಜೋರಾಗಿ ಊದಿದಳು.

ಬೆರಳಿನ ನೋವಿಗೆ ತುಟಿ ಬಿಚ್ಚದ ಅಕ್ಕ ಆಗ ಕಿರುಚಿದಳು.