ಒಂದೇ ತೋಟಾ

ಫೋನ್ ಇಟ್ಟವನೇ ಗಸ್ ಕಪಾಟಿನಲ್ಲಿದ್ದ ಮೂರು ಡಬ್ಬಿ ರೈಫಲ್ ತೋಟಾಗಳನ್ನು ಎತ್ತಿ ಕೋಳಿ ಮೇವಿನ ಮೂಟೆಗಳ ಹಿಂದೆ ತುರುಕಿದ. ಅರವತ್ತೊಂಬತ್ತರ ಆ ಮನುಷ್ಯ ಸ್ವಂತ ಅಂಗಡಿಯಲ್ಲೇ ಕಳ್ಳನಾದ. ಇಪ್ಪತ್ತು ನಿಮಿಷಕ್ಕೆಲ್ಲ ಓರಿನ್‌ನ ಹಳೆಯ ಪಿಕಪ್ ಹಿಮ ತುಳಿದುಕೊಂಡು ಬಂದು ಬಾಗಿಲಿಗೆ ನಿಂತಿತು.

"ಫೋನಲ್ಲಿ ಹೇಳಿದ್ನಲ್ಲ, ಒಂದು ತೋಟಾ ಕೊಡು," ಎಂದ ಓರಿನ್. "ಒಂದೇ ಸಾಕು. ಬೇಕಾದ್ರೆ ಡಬ್ಬಿ ಪೂರ್ತಿ ದುಡ್ಡು ತಗೋ."

"ನಿನ್ನ ಅಜ್ಜನ ಕಾಲದ ರೈಫಲ್‌ಗೆ ಎಲ್ಲಿಂದ ತರ್ಲಯ್ಯ? ಕಂಪನಿಯವರು ಮಾಡೋದನ್ನೇ ನಿಲ್ಸಿದಾರೆ." ಗಸ್ ಅವನ ಮುಖ ನೋಡಲಿಲ್ಲ. "ಬೇಟೆ ಕಾಲ ಬೇರೆ ಮುಗೀತು. ಯಾಕೆ ಈಗ?"

"ಕ್ಲೋವರ್‌ಗೆ." ಓರಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ವಯಸ್ಸಾಯ್ತು. ಕಾಲು ಏಳಲ್ಲ, ತಿಂದಿದ್ದು ಸೇರಲ್ಲ. ಇನ್ನು ನರಳೋದು ಬೇಡ."

ಕ್ಲೋವರ್ ಎಂದರೆ ಓರಿನ್‌ನ ಹೆಂಡತಿ ಮಾರ್ಲಿಸ್ ಮರಿಯಿಂದ ಸಾಕಿದ ಕುದುರೆ. ಮಾರ್ಲಿಸ್ ತೀರಿಕೊಂಡದ್ದು ಅಕ್ಟೋಬರಿನಲ್ಲಿ. ಮೊಂಟಾನಾದ ಆ ಕಣಿವೆಯಲ್ಲಿ ಕುದುರೆ ನರಳಿದರೆ ಯಜಮಾನನೇ ತನ್ನ ಕೋವಿಯಿಂದ ಮುಗಿಸಬೇಕು. ಬೇರೆಯವರ ಕೈಗೆ ಬಿಟ್ಟವನನ್ನು ಜನ ಗಂಡಸೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಅಂಗಡಿ ಬೆಟ್ಟದಾಚೆ ತೊಂಬತ್ತು ಮೈಲಿ. ಹಿಮ ಬಿದ್ದು ದಾರಿ ಏಪ್ರಿಲ್‌ವರೆಗೆ ಬಂದ್. ಇಂಥ ಹೊತ್ತಿನಲ್ಲಿ ನಲವತ್ತು ವರ್ಷದ ಗೆಳೆಯನಿಗೆ ಒಂದು ತೋಟಾ ಇಲ್ಲವೆನ್ನುವವನನ್ನು ಏನೆಂದು ಕರೆಯಬೇಕೋ.

"ಒಂದು ದಾರಿ ಇದೆ," ಎಂದ ಗಸ್. "ಹಾರಿಸಿದ ಖಾಲಿ ತೋಟಾ ಇಟ್ಕೊಂಡಿದೀಯಲ್ಲ? ಮತ್ತೆ ನೀನೇ ತುಂಬ್ಕೊ. ಯಂತ್ರ ಹಿಂದಿನ ಕೋಣೇಲಿದೆ. ಹೇಳ್ಕೊಡ್ತೀನಿ."

"ಎಪ್ಪತ್ತೊಂದರಲ್ಲಿ ಹೊಸ ವಿದ್ಯೆ ಕಲೀಲಾ? ಒಂದು ತೋಟಾಕ್ಕೆ? ನೀನೇ ತುಂಬಿ ಕೊಡು, ಮುಗೀತು."

"ಒಬ್ಬ ತುಂಬಿದ್ದನ್ನ ಇನ್ನೊಬ್ಬ ಹಾರಿಸಬಾರದು. ನಿಮ್ಮಪ್ಪ ನಿಂಗೆ ಕಲಿಸ್ಲಿಲ್ವ?"

ಓರಿನ್ ಬಾಗಿಲವರೆಗೆ ಹೋದ. ಹಿಡಿಯ ಮೇಲೆ ಕೈಯಿಟ್ಟು ನಿಂತ. ಕಣ್ಣು ಮಂದ, ಬೆರಳು ಸೆಟೆದುಕೊಂಡಿವೆ, ಕೂತು ಕಲಿಯುವ ತಾಳ್ಮೆ ಯಾರಿಗಿದೆ? ಬೇಡವೆಂದರೆ ಏಪ್ರಿಲ್‌ವರೆಗೆ ಕಾಯಬೇಕು. ಗಸ್ ಅವನ ಬೆನ್ನನ್ನೇ ನೋಡುತ್ತಿದ್ದ.

"ನಾಳೆ ಎಷ್ಟೊತ್ತಿಗೆ ಬರ್ಲಿ?"

"ಒಂಬತ್ತಕ್ಕೆ ಬಾ. ತಿಂಡಿ ತಿನ್ಬೇಡ, ಇಲ್ಲೇ ಮಾಡಿರ್ತೀನಿ."

ಮರುದಿನ ಓರಿನ್ ಆರು ಕಾಫಿ ಡಬ್ಬಿ ತುಂಬ ಖಾಲಿ ತೋಟಾ ತಂದ. ಒಂದೊಂದು ಡಬ್ಬಿಯ ಮೇಲೂ ಮಾರ್ಲಿಸ್‌ಳ ದುಂಡನೆಯ ಅಕ್ಷರದಲ್ಲಿ ಇಸವಿ ಬರೆದಿತ್ತು. ಒಂದು ತೋಟಾಕ್ಕೆ ಒಂದೇ ಖಾಲಿ ಸಾಕಿತ್ತು. ಗಸ್ ಎಲ್ಲವನ್ನೂ ಬೆಂಚಿನ ಮೇಲೆ ಸುರಿದ. ತೊಳೆ ಎಂದ. ಒಣಗಲು ಎರಡು ದಿನ ಬೇಕೆಂದ. ಒಣಗಿದ ಮೇಲೆ ಒಂದೊಂದನ್ನೂ ಅಳೆಸಿ, ಇದರ ಕತ್ತು ಸೀಳಿದೆ, ಅದು ಕೂದಲೆಳೆ ಉದ್ದವಾಯಿತು ಎಂದು ಬುಟ್ಟಿಗೆಸೆದ. ಚಳಿಗಾಲದಲ್ಲಿ ಅಂಗಡಿಗೆ ನೊಣವೂ ಬರುವುದಿಲ್ಲ. ಗಸ್‌ಗೆ ಎದುರಿಗೊಬ್ಬ ಮನುಷ್ಯ ಬೇಕಾಗಿತ್ತೇನೋ.

ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ. "ಹೇಗಿದೆ ಕ್ಲೋವರ್?"

"ಹಾಗೇ ಇದೆ. ಸಾಯಂಗಿಲ್ಲ, ಬದುಕಂಗಿಲ್ಲ."

"ಏನಾದ್ರೂ ತಿಂತಾ?"

"ಇಲ್ಲ."

ಗಸ್ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕುತ್ತಿದ್ದ.

ಫೆಬ್ರವರಿ ಕೊನೆಗೆ ವೇಡ್ ಬಂದ. ಕ್ರಿಸ್‌ಮಸ್ ಆದ ಮೇಲೆ ಕಣಿವೆಗೆ ಬಂದು ನೆಲೆಸಿದ ಹೊಸಬ. ವಿಷಯ ಕೇಳಿ ಮರುಗಿದ. "ಒಂದು ಪ್ರಾಣೀನ ಇಷ್ಟು ದಿನ ನರಳಿಸ್ತಾರೇನ್ರಿ? ನನ್ನ ಗನ್ ಗಾಡೀಲೇ ಇದೆ. ನಡೀರಿ ಯಜಮಾನ್ರೇ, ಎರಡು ನಿಮಿಷದ ಕೆಲಸ."

ಇಬ್ಬರು ಮುದುಕರೂ ತಲೆಯೆತ್ತಲಿಲ್ಲ. ಗಸ್‌ನ ಮುಖ ಮಾತ್ರ ಸುಣ್ಣವಾಯಿತು. "ನಿಮಗೆ ಮೊಳೆ ತಾನೆ ಬೇಕಿದ್ದಿದ್ದು? ತಗೊಂಡು ಹೊರಡಿ," ಎಂದು ಅವನನ್ನು ಬಾಗಿಲಾಚೆ ದಾಟಿಸಿ ಬಂದ. ಕಟುಕ ಎಂದು ವೇಡ್ ಬೈದುಕೊಂಡೇ ಹೋದ. ಬೈದದ್ದರಲ್ಲಿ ತಪ್ಪೇನಿತ್ತು?

ಮಾರ್ಚ್ ಬಂತು. ತೊಳೆಯುವುದು, ಅಳೆಯುವುದು, ಕಿಡಿ ಹೊತ್ತಿಸುವ ಕೇಪು ಕೂರಿಸುವುದು, ಎಲ್ಲ ಮುಗಿಯಿತು. ಕೋವಿಮದ್ದಿಗೆ ತೇವ ಹಿಡಿದಿದೆ, ಒಣಗಬೇಕು ಎಂದು ಗಸ್ ಎರಡು ವಾರ ತಳ್ಳಿದ. ಮೂರನೆಯ ವಾರಕ್ಕೆ ಸುಳ್ಳುಗಳೂ ಮುಗಿದವು. ಅವನಿಗೆ ದಿಕ್ಕೇ ತೋಚಲಿಲ್ಲ.

ಓರಿನ್ ತಾನೇ ಮದ್ದು ತೂಗಿದ, ತಾನೇ ಗುಂಡು ಕೂರಿಸಿದ, ತಾನೇ ಯಂತ್ರದ ಹಿಡಿ ಎಳೆದ. ಹೊರಬಂದ ತೋಟಾವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಪರವಾಗಿಲ್ಲ, ಚೆನ್ನಾಗೇ ಬಂದಿದೆ," ಎಂದು ಅಂಗಿ ಜೇಬಿಗೆ ಹಾಕಿಕೊಂಡ. ಕೋಟು ತೊಟ್ಟ. ಬಾಗಿಲು ತೆರೆದ.

"ಓರಿನ್." ಗಸ್ ಎರಡೂ ಕೈಯಲ್ಲಿ ಬೆಂಚನ್ನು ಹಿಡಿದುಕೊಂಡಿದ್ದ. "ಇವತ್ತು ಕೇಳೋದೇ ಮರೆತೆ. ಹೇಗಿದೆ ಕ್ಲೋವರ್?"

ಓರಿನ್ ಹೊರಗಿನ ಹಿಮ ನೋಡಿದ. ಆಮೇಲೆ ಬಾಗಿಲು ಮುಚ್ಚಿದ. ಜೇಬಿನಿಂದ ತೋಟಾ ತೆಗೆದು ಬೆಂಚಿನ ಮೇಲಿದ್ದ ತೋಟಾದ ಖಾಲಿ ಡಬ್ಬಿಯಲ್ಲಿ ನಿಲ್ಲಿಸಿದ.

"ಬೆಳಿಗ್ಗೆ ಎದ್ದು ನಿಂತಿತ್ತು. ಎರಡು ತುತ್ತು ತಿಂತು ಕೂಡ," ಎಂದ. "ಡಬ್ಬಿ ಇಪ್ಪತ್ತರದ್ದಲ್ವ? ಇನ್ನೂ ಹತ್ತೊಂಬತ್ತು ತುಂಬಬೇಕು. ನಾಳೆ ಒಂಬತ್ತಕ್ಕೆ ಬರ್ತೀನಿ. ಆ ಮೂಟೆ ಹಿಂದೆ ಇಟ್ಟಿದೀಯಲ್ಲ ಮೂರು ಡಬ್ಬಿ, ತೆಗೆದು ಮೇಲಿಡು. ಇಲಿ ಕಡಿಯುತ್ತೆ."

"ಯಾವಾಗ ನೋಡ್ದೆ?"

"ಇಲ್ಲಿಗೆ ಬರೋಕೆ ಶುರು ಮಾಡಿದ ಎರಡನೇ ವಾರ."

ಪಿಕಪ್ ಹೊರಟುಹೋದ ಮೇಲೆ ಗಸ್ ಮೇವಿನ ಮೂಟೆಯ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಆ ತೋಟಾ ಕುದುರೆಗಲ್ಲವೆಂದು ಗಸ್‌ಗೆ ಮೊದಲ ದಿನವೇ ಗೊತ್ತಿತ್ತು. ಮಾರ್ಲಿಸ್ ಹೋದ ಹದಿನೈದನೆಯ ದಿನವೇ ಕ್ಲೋವರ್ ಸತ್ತಿತ್ತು. ನೆಲ ಹೆಪ್ಪುಗಟ್ಟುವ ಮೊದಲು ಗುಂಡಿ ತೋಡಿ ಅದನ್ನು ಹೂತವರು ಇವರಿಬ್ಬರೇ.