ಗ್ಯಾಸ್ ರೂಮಿನ ವಾಸನೆ

ಎಂ.ಎಸ್ಸಿ.ಗೆ ಹೊಸಬರು ಬಂದ ದಿನ ರಸಾಯನಶಾಸ್ತ್ರದ ಮುಖ್ಯಸ್ಥರು ಗ್ಯಾಸ್ ರೂಮಿನ ಬಾಗಿಲಲ್ಲಿ ನಿಂತು ಗದರಿದಂತೆ ಹೇಳಿದ್ದರು: “ಇಲ್ಲಿರೋದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ಥರ ನಾರುತ್ತೆ. ನಾರಿದ್ರೆ ಕಿಟಕಿ ತೆಗೀರಿ. ಗ್ಯಾಸ್ ಮಿತಿ ಮೀರಿದ್ರೆ ಮೊದಲು ಸಾಯೋದು ಮೂಗು. ವಾಸನೆ ನಿಂತ್ರೆ ಮಾತ್ರ ಹಿಂದೆಮುಂದೆ ನೋಡದೆ ಓಡಿ!”

ಎರಡನೇ ಪಟ್ಟಿಯಲ್ಲಿ ಸೀಟು ಸಿಕ್ಕಿ ತಡವಾಗಿ ಸೇರಿದ ಭಾರ್ಗವಿ ಆ ದಿನ ಇರಲಿಲ್ಲ.

ಈಗ ತಪಾಸಣಾ ಸಮಿತಿ ಬಂದಿತ್ತು. ಕಾರಿಡಾರಿಗೆ ಕಾಲಿಡುತ್ತಲೇ ಹಿರಿಯ ಸದಸ್ಯರೊಬ್ಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಮುಖ್ಯಸ್ಥರು ಅದನ್ನು ಗಮನಿಸಿದರು. ವರ್ಷವಿಡೀ ಗೋಡೆಗೆ ಬಣ್ಣ ಬಳಿಸಿದ್ದೆಲ್ಲ ಈ ನಾತದಲ್ಲಿ ನೀರುಪಾಲು! ಓಡಿಹೋಗಿ ಗ್ಯಾಸ್ ರೂಮಿಗೆ ಇಣುಕಿದರು. ಒಳಗೆ ಭಾರ್ಗವಿ ಒಬ್ಬಳೇ ಇದ್ದಳು.

“ಸರ್, ಗ್ಯಾಸಿನ ನಲ್ಲಿ ಸರಿಯಾಗಿ ಮುಚ್ಕೊಳ್ತಿಲ್ಲ. ತುಂಬಾ ನಾರ್ತಿದೆ. ಹೊರಗೆ ಬರ್ಲಾ?”

“ಈಗ ಬಾಗಿಲು ತೆಗೆದ್ರೆ ನನ್ನ ಮಾನ ಹೋಗುತ್ತೆ ಕಣಮ್ಮಾ. ಕಿಟಕಿನೂ ಹಾಕ್ಕೋ. ಅವರು ಹೋಗೋವರೆಗೆ ಸ್ವಲ್ಪ ತಡ್ಕೋ.”

ಬಾಗಿಲೆಳೆದು, ಅದರಡಿಯ ಸಂದಿಗೆ ನೆಲ ಒರೆಸುವ ಒದ್ದೆ ಬಟ್ಟೆ ತುರುಕಿದರು.

ಸಮಿತಿ ಹೊಸ ಉಪಕರಣಗಳಿಗೆ ತಲೆದೂಗಿತು, ಕಾಫಿ ಕುಡಿಯಿತು, ಫೋಟೋ ತೆಗೆಸಿಕೊಂಡಿತು. ಹಿಂದಿರುಗುವಾಗ ಅದೇ ಕಾರಿಡಾರಿನಲ್ಲಿ ಹಿರಿಯ ಸದಸ್ಯರು ಕರವಸ್ತ್ರವನ್ನು ಜೇಬಿಗಿಟ್ಟರು. ಮುಖ್ಯಸ್ಥರು ಉಬ್ಬಿಹೋದರು. ಎಲ್ಲರಿಗೂ ಕೇಳುವಂತೆ ಬಾಗಿಲು ತಟ್ಟಿದರು.

“ಭಾರ್ಗವಿ, ಒಳಗೆ ಇನ್ನೂ ವಾಸನೆ ಬರ್ತಿದೆಯೇನಮ್ಮಾ?”

ಒಳಗಿನಿಂದ ದನಿ ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ ನಿಧಾನವಾಗಿ ಬಂತು.

“ಇಲ್ಲ ಸರ್... ಆಗಲೇ ನಿಂತುಹೋಯ್ತು.”